ಗರಡಿಕಲ್ಲಿನಡಿಯ ಚಹಾ

ಬಿಲ್ಲೆಯ ಬೆನ್ನ ಮೇಲೆ ಬಟ್ಟೆಯ ನೇಯ್ಗೆ ಅಚ್ಚಾಗಿದೆ. ಹಾಸು, ಹೊಕ್ಕು ಎರಡೂ ಸ್ಪಷ್ಟ. ಒಂದು ಮೂಲೆಯಲ್ಲಿ ಮಾತ್ರ ಎಳೆಗಳು ಸಾಲು ತಪ್ಪಿ, ಹುರುಳಿಕಾಳಿನಷ್ಟು ಜಾಗದಲ್ಲಿ ಒತ್ತೊತ್ತಾಗಿ ಕೂಡಿಕೊಂಡಿವೆ. ಅದು ನನ್ನ ಹಳೆಯ ಬಿಳಿ ಸೀರೆಯ ಹರಿದ ಜಾಗಕ್ಕೆ ನಾನೇ ಹಾಕಿದ ಹೊಲಿಗೆ. ಸೀರೆ ಹೋಯಿತು, ಹೊಲಿಗೆ ಚಹಾದ ಮೇಲೆ ಉಳಿದುಕೊಂಡಿತು.

ಈ ಬಿಲ್ಲೆಯನ್ನು ದೂರದಿಂದ ಕಂಡವರು ಬೆರಣಿ ಎನ್ನುತ್ತಾರೆ. ಕೈಗೆ ತೆಗೆದುಕೊಂಡವರು ಹಳೆಯ ಹುಣಸೆಹಣ್ಣು ಎನ್ನುತ್ತಾರೆ. ಮೂಸಿದವರು ಸುಮ್ಮನಾಗುತ್ತಾರೆ. ಕೆಲಸ ಬಿಟ್ಟ ದಿನ ಚಹಾ ಮಂಡಳಿಯವರು ನೆನಪಿಗೆಂದು ಕೊಟ್ಟ ಬೆಳ್ಳಿಯ ಚಮಚ ಎಲ್ಲಿದೆಯೋ ತಿಳಿಯದು. ಇದು ಮಾತ್ರ ಕಾಗದ ಸುತ್ತಿಕೊಂಡು ಅಡಿಗೆಮನೆಯ ನೆಲುವಿನಲ್ಲಿ ಕುಳಿತಿದೆ.

ನನ್ನ ಕೆಲಸ ಚಹಾ ಪ್ರಚಾರ. ಮಂಡಳಿಯ ನಿಯಮದಂತೆ ಮದುವೆಯಾದ ಹೆಂಗಸು ನಿವೃತ್ತಳು. ಹಾಗಾಗಿ ಕೂದಲು ನೆರೆಯುವ ಎಷ್ಟೋ ಮೊದಲೇ ನಿವೃತ್ತರಾದ ಕೆಲವೇ ಜನರಲ್ಲಿ ನಾನೂ ಒಬ್ಬಳು. ಈಗ ಹೊಸದಾಗಿ ಸೇರಿರುವ ಹುಡುಗಿಯರು ಈ ಕೆಲಸ ನಿಜವಾಗಿ ಹೇಗಿರುತ್ತದೆಂದು ಕೇಳಿದ್ದಾರೆ. ಕೈಪಿಡಿಯಲ್ಲಿ ಇರುವುದನ್ನು ಅವರು ಕೈಪಿಡಿಯಲ್ಲೇ ಓದಿಕೊಳ್ಳಬಹುದು. ಅದರಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಮನೆಗಳಿಗೆ ಹೋಗಿ ಹೆಂಗಸರಿಗೆ ಚಹಾ ಮಾಡುವುದನ್ನು ತೋರಿಸಬೇಕು, ಒಂದು ಪೊಟ್ಟಣ ಬಿಟ್ಟಿ ಕೊಡಬೇಕು, ಮುಂದಿನ ಸುತ್ತಿನಲ್ಲಿ ಹೋದಾಗ ಅವರು ಕುಡಿಯುತ್ತಿದ್ದಾರೆಯೇ ಎಂದು ನೋಡಿ ಬೆಂಗಳೂರಿನ ಕಚೇರಿಗೆ ತಿಳಿಸಬೇಕು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಪದವಿ ಪಡೆದ ಮಗಳು ಕೆಟಲ್ ಹಿಡಿದು ಬೀದಿ ಸುತ್ತುವುದು ನಮ್ಮ ತಂದೆಗೆ ಹಿಡಿಸಿರಲಿಲ್ಲ. ಒಂದು ಷರತ್ತಿನ ಮೇಲೆ ಒಪ್ಪಿದ್ದರು: ಈ ನಾಲ್ಕು ತಾಲ್ಲೂಕಿನ ಕೆಲಸ ಇರುವವರೆಗೆ ಇರಬಹುದು, ಅದು ನಿಂತರೆ ಮನೆಗೆ ಬರಬೇಕು, ಇನ್ನೊಂದು ಊರು ಕೇಳಬಾರದು. ನನಗೆ ಆ ಕೆಲಸ ಬೇಕಾಗಿತ್ತು. ಯಾಕೆಂದು ವಿವರಿಸುವ ಅಭ್ಯಾಸ ನನಗಿಲ್ಲ. ಮಧುಗಿರಿಯಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಮನೆಯ ಬೀಗದಕೈ ನನ್ನ ಸೊಂಟದಲ್ಲಿರುತ್ತಿತ್ತು ಎಂದರೆ ಸಾಕು.

ಜೊತೆಗೆ ಒಬ್ಬ ಜವಾನನನ್ನು ಕೊಟ್ಟಿದ್ದರು, ಮಧುಗಿರಿಯವನೇ, ಹನುಮಂತಯ್ಯ. ಸ್ಟವ್, ಕೆಟಲ್, ಪಿಂಗಾಣಿ ಬಟ್ಟಲುಗಳ ಬುಟ್ಟಿ ಅವನ ತಲೆಯ ಮೇಲೆ. ನನಗಿಂತ ಬಹಳ ಹಿರಿಯ. ಸಾಮಾನ್ಯವಾಗಿ ‘ಅಮ್ಮಾವ್ರೆ’ ಎನ್ನುತ್ತಿದ್ದ. ಬುದ್ಧಿ ಹೇಳುವಾಗ ಮಾತ್ರ ‘ಕಣಮ್ಮ’ಕ್ಕೆ ಇಳಿಯುತ್ತಿದ್ದ.

ನಮ್ಮ ಮೇಲ್ವಿಚಾರಕರು ವೆಂಕೋಬರಾಯರು. ತರಬೇತಿಯ ಮೊದಲ ದಿನವೇ ಅವರು ಸರಪಣಿ ಗಡಿಯಾರವನ್ನು ಮೇಜಿನ ಮೇಲಿಟ್ಟು, “ಚಹಾ ಎಂದೂ ಕುದಿಯಬಾರದು. ಕುದಿಯಬೇಕಾದದ್ದು ನೀರು” ಎಂದಿದ್ದರು. ಕೆಟಲನ್ನು ಮೊದಲು ಬೆಚ್ಚಗೆ ಮಾಡಿ, ತಲೆಗೊಂದು ಚಮಚ ಸೊಪ್ಪು ಹಾಕಿ, ಕುದಿನೀರು ಸುರಿದು, ಐದು ನಿಮಿಷ ಮುಚ್ಚಿಟ್ಟು ಬಸಿಯಬೇಕು. ಅವರ ಪಾಲಿಗೆ ಇದು ಅಡಿಗೆಯಲ್ಲ, ಆಚಾರ.

ಮೊದಲ ತಿಂಗಳಲ್ಲಿ ಕಲಿತ ಒಂದು ವಿಷಯವನ್ನು ಹೊಸಬರಿಗೆ ಹೇಳಿಬಿಡುತ್ತೇನೆ. ನೀರು ಆ ಮನೆಯದೇ ಆಗಿರಲಿ, ಪಾತ್ರೆ ಆ ಮನೆಯದೇ ಆಗಿರಲಿ, ಬೆಂಕಿಯನ್ನೂ ಅವರೇ ಹೊತ್ತಿಸಲಿ. ನಾವು ಪಡಸಾಲೆಯಲ್ಲಿ ಕುಳಿತು ಬಾಯಲ್ಲಿ ಹೇಳಬೇಕು. ಆಗ ಯಾರೂ ನಮ್ಮ ಜಾತಿ ಕೇಳುವುದಿಲ್ಲ, ಕೇಳಿದರೂ ಚಹಾ ಕುಡಿದಾದ ಮೇಲೆ ಕೇಳುತ್ತಾರೆ.

ಮಧುಗಿರಿಯ ವರ್ತಕರ ಬೀದಿಯ ಒಂದು ಶೈವರ ಮನೆಯಲ್ಲಿ ಅಜ್ಜಿಯೊಬ್ಬರು ಎಲ್ಲವನ್ನೂ ಗಮನವಿಟ್ಟು ನೋಡಿ ಕೊನೆಗೆ ಕೇಳಿದರು.

“ಇದು ಕುಡಿದ್ರೆ ಮೈ ಕಪ್ಪಗಾಗುತ್ತಂತೆ, ಹೌದೇನವ್ವ?”

“ಇಲ್ಲಜ್ಜಿ, ಅದು ಸುಳ್ಳು.”

“ನೀನು ಕುಡೀತೀಯಾ?”

“ದಿನವೂ ಕುಡಿಯುತ್ತೇನೆ.”

ಅಜ್ಜಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. “ಹಂಗಾದ್ರೆ ಬ್ಯಾಡ ಬುಡು” ಎಂದರು.

ಚನ್ನರಾಯನದುರ್ಗದಲ್ಲಿ ತಿಮ್ಮಕ್ಕ ಎಂಬ ಒಕ್ಕಲಗಿತ್ತಿಗೆ ಪೊಟ್ಟಣ ಕೊಟ್ಟು ಬಂದಿದ್ದೆ. ಮುಂದಿನ ಸುತ್ತಿನಲ್ಲಿ ಹೋದಾಗ ಪೊಟ್ಟಣ ಖಾಲಿಯಾಗಿತ್ತು. ಸಂತೋಷಪಟ್ಟೆ. ಹೇಗಿತ್ತು ಎಂದು ಕೇಳಿದೆ.

“ಸೊಪ್ಪು ಸ್ಯಾನೆ ಕಹಿ ಕಣಮ್ಮ. ಎಷ್ಟು ಕಾಯಿ ಹಾಕಿದ್ರೂ ಪಲ್ಯ ಬಾಯಿಗಿಡಕ್ಕಾಗ್ಲಿಲ್ಲ. ಬಸ್ಸಾರು ಮಾತ್ರ ಕೆಂಪುಕೆ ಚಂದಾಗಿತ್ತು. ನಮ್ಮನೆಯವ್ರು ಮುದ್ದೆ ಜೊತೆಗೆ ಸೊರಸೊರ ಅಂತ ಉಂಡ್ರು. ಉಂಡು ಮಲಗಿದೋರು ಕಣ್ಣೇ ಮುಚ್ಚಲಿಲ್ಲ. ಕೋಳಿ ಕೂಗೋದ್ರೊಳಗೆ ಹೊಲ ಉತ್ತು ಬಂದ್ಬುಟ್ರು.”

ಸೊಪ್ಪು ಬೇಯಿಸಿ, ನೀರು ಬಸಿದು, ಬಸಿದ ನೀರಿಗೆ ಖಾರ ಕೂಡಿಸಿ ಸಾರು, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ: ಆ ಸೀಮೆಯಲ್ಲಿ ಯಾವ ಸೊಪ್ಪು ಕೊಟ್ಟರೂ ಮಾಡುವುದು ಅದನ್ನೇ. ನಾನೇ ಅದನ್ನು ‘ಚಹಾದ ಸೊಪ್ಪು’ ಎಂದು ಕರೆದಿದ್ದೆ. ಬೆಂಗಳೂರಿಗೆ ‘ಈ ಮನೆಯಲ್ಲಿ ಚಹಾ ಪೂರ್ತಿಯಾಗಿ ಬಳಕೆಯಾಗಿದೆ’ ಎಂದು ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೀಗೆ ಬಳಕೆಯಾದದ್ದನ್ನೂ ಸೇರಿಸಿಕೊಂಡರೂ ನನ್ನ ತಾಲ್ಲೂಕುಗಳ ಪರಿಸ್ಥಿತಿ ಚೆನ್ನಾಗಿರಲಿಲ್ಲ. ವೆಂಕೋಬರಾಯರು ಅದನ್ನು ಮುಚ್ಚಿಡದೆ ತಿಳಿಸಿದರು. ದೀಪಾವಳಿ ಕಳೆದ ಮೇಲೆ ತಾವೇ ಶಿರಾಕ್ಕೆ ಬರುವುದಾಗಿಯೂ, ಅಲ್ಲಿನ ಹೆಂಗಸರ ಮುಂದೆ ನಾನು ಚಹಾ ಮಾಡಿ ತೋರಿಸುವುದನ್ನು ನೋಡುವುದಾಗಿಯೂ ಹೇಳಿದರು. ಒಂದು ಹೊಸ ಚಹಾ ಪೆಟ್ಟಿಗೆ ಅವರ ಮೋಟಾರಿನಲ್ಲಿರುತ್ತದೆ. ಶಿರಾದ ಜನ ಮೆಚ್ಚಿದರೆ ಪೆಟ್ಟಿಗೆ ಅಲ್ಲಿ ಇಳಿಯುತ್ತದೆ. ಇಲ್ಲವಾದರೆ ಅದು ಹಾಗೆಯೇ ತುಮಕೂರಿಗೆ ಹೋಗುತ್ತದೆ, ನಾಲ್ಕು ತಾಲ್ಲೂಕಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ. ನಾನು ಮೈಸೂರಿಗೆ, ತಂದೆಯ ಮನೆಗೆ ಹೋಗುತ್ತೇನೆ ಎಂಬುದು ನನಗೆ ಮಾತ್ರ ಗೊತ್ತಿದ್ದ ವಿಷಯ.

ಅದೇ ವಾರ ಎತ್ತು ಹೊಳೆಯಲ್ಲಿ ಮಲಗಿತು.

ಕೊರಟಗೆರೆಯಿಂದ ಗಾಡಿಯಲ್ಲಿ ಬರುತ್ತಿದ್ದೆವು. ಸುವರ್ಣಮುಖಿಯಲ್ಲಿ ಮೊಣಕಾಲುದ್ದ ನೀರು. ನಾನು ಮುಂದಾಗಿಯೇ ಕಲ್ಲುಗಳ ಮೇಲೆ ದಾಟಿ ದಡದಲ್ಲಿ ನಿಂತಿದ್ದೆ. ನಡುಹೊಳೆಯಲ್ಲಿ ಬಲಗಡೆಯ ಎತ್ತು ನಿಂತಿತು, ಸುತ್ತ ನೋಡಿತು, ನೀರು ತಂಪಾಗಿದೆ ಎಂದು ತೀರ್ಮಾನಿಸಿತು, ಮಲಗಿತು. ನೊಗ ವಾಲಿತು, ಗಾಡಿ ವಾಲಿತು, ನಮ್ಮ ಉಳಿದಿದ್ದ ಚಹಾ ಪೆಟ್ಟಿಗೆಯನ್ನು ಅಪ್ಪಿಕೊಂಡೇ ಹನುಮಂತಯ್ಯ ಹೊಳೆಗೆ ಬಿದ್ದ. ಮುಚ್ಚಳ ಕಿತ್ತುಹೋಯಿತು.

“ಪೆಟ್ಟಿಗೆ ಬುಡಲಿಲ್ಲ ಅಮ್ಮಾವ್ರೆ” ಎಂದು ಎದ್ದು ಹೇಳಿದ. ನಿಜ, ಬಿಟ್ಟಿರಲಿಲ್ಲ. ಪೆಟ್ಟಿಗೆಯ ಅಂಚಿಗೆ ಅವನ ಮುಂದಿನ ಹಲ್ಲೊಂದು ಮುರಿದಿತ್ತು.

ನಡೆದದ್ದನ್ನು ನಡೆದಂತೆ ಬೆಂಗಳೂರಿಗೆ ಬರೆದೆ. ಶಿರಾ ಮುಗಿಯುವವರೆಗೆ ಬೇರೆ ಪೆಟ್ಟಿಗೆ ಇಲ್ಲ, ಇರುವುದರಲ್ಲಿ ಸಂಭಾಳಿಸಿ ಎಂದು ಉತ್ತರ ಬಂತು. ಇರುವುದೆಂದರೆ ಹೊಳೆಯಷ್ಟೇ ನೆನೆದ ದೊಡ್ಡ ಎಲೆಯ ಚಹಾ. ಒಂದು ಭಾಗವನ್ನು ಬಿಸಿಲಿಗೆ ಹರಡಿ ಒಣಗಿಸಿ ಕುಡಿದು ನೋಡಿದೆ. ಹೊಳೆಯನ್ನೇ ಕುಡಿದ ಹಾಗಿತ್ತು. ಉಳಿದದ್ದು ಹಿತ್ತಲ ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ರಾಶಿಯಾಗಿ ಬಿದ್ದಿತ್ತು. ತಿಪ್ಪೆಗೆ ಹಾಕೋಣ ಎಂದು ಹನುಮಂತಯ್ಯ ಹೇಳಿದ.

ಅವನನ್ನು ಹಲ್ಲಿಗಾಗಿ ಚೀನಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಮಧುಗಿರಿಯ ಬಸ್ಸು ನಿಲ್ಲುವ ಕಡೆ ಅವರ ಅಂಗಡಿ. ಗಾಜಿನ ಕಪಾಟಿನಲ್ಲಿ ಕಟ್ಟಿದ ಹಲ್ಲಿನ ಸೆಟ್ಟುಗಳು ಬೀದಿಯವರಿಗೆ ನಗುತ್ತ ಕುಳಿತಿರುತ್ತಿದ್ದವು. ಚೀನಾದೇಶದವರು, ಹೆಸರು ಲಿಯು. ಮೊದಲು ಶಿರಾದಲ್ಲಿ ಕಾಗದದ ಹೂ ಮಾರುತ್ತ ಬಂದು, ಆಮೇಲೆ ಹಲ್ಲು ಕಟ್ಟುವುದಕ್ಕೆ ಹಿಡಿದು, ಅಲ್ಲಿಯೇ ಕನ್ನಡ ಕಲಿತಿದ್ದರು. ಹನುಮಂತಯ್ಯನ ಬಾಯಿಗಿಂತ ಮೊದಲು ಅವನ ಅಂಗಿಯನ್ನು ಮೂಸಿದರು.

“ಚಹಾ ನೆಂದಿದೆಯಲ್ಲ. ಎಷ್ಟು ದಿನ ಆಯ್ತು? ಬೆಚ್ಚಗಾಗಿದೆಯಾ?”

ಬೆಚ್ಚಗಾಗಿತ್ತು. ಬೆಳಿಗ್ಗೆಯೇ ರಾಶಿಯೊಳಗೆ ಕೈಯಿಟ್ಟು ನೋಡಿದ್ದೆ.

“ಖರಾಬ್ ಅಲ್ಲಮ್ಮ ಅದು, ಶುರು. ನಮ್ಮ ಕಡೆ ನಾವೇ ನೀರು ಹಾಕ್ತೀವಿ. ಸುರಿದು, ಮುಚ್ಚಿ, ಬಿಸಿ ಮಾಡಿ, ಆವಿಯಲ್ಲಿ ಬೇಯಿಸಿ, ಇಟ್ಟಿಗೆ ಥರ ಒತ್ತೀವಿ. ಕುರಿ ಕಾಯೋರು, ಕುದುರೆ ಸವಾರರು ಅದನ್ನೇ ಕುಡಿಯೋದು. ಎಷ್ಟು ದೂರ ಹೊತ್ತರೂ ಕೆಡಲ್ಲ.”

“ಎಷ್ಟು ನೀರು ಹಾಕುತ್ತಾರೆ?” ಎಂದು ಕೇಳಿದೆ.

“ಅದು ನಂಗೊತ್ತಿಲ್ಲ.”

“ಎಷ್ಟು ಬಿಸಿ?”

“ಅದೂ ಗೊತ್ತಿಲ್ಲ. ನಾನು ಚಹಾ ಕಾರ್ಖಾನೆ ಕೊನೇ ಕೋಣೇಲಿದ್ದೆ. ಅಚ್ಚಿನಿಂದ ಇಟ್ಟಿಗೆ ಬಿಡಿಸಿ ಜೋಡಿಸೋನು. ರಾಶಿ ಇದ್ದ ಕೋಣೆ ಮುಂದೆ ದಿನಾ ಹೋಗ್ತಿದ್ದೆ, ವಾಸನೆ ಗೊತ್ತು.”

ವಾಸನೆ ಅವರಿಗೆ ಗೊತ್ತು, ಶಾಖಮಾಪಕ ನನ್ನ ಬಳಿ ಇದೆ. ಇಬ್ಬರೂ ಸೇರಿದರೆ ಅರ್ಧ ವಿದ್ಯೆಯಾದರೂ ಆದೀತು ಎನಿಸಿತು. ಹನುಮಂತಯ್ಯನ ಹಲ್ಲು ಕಟ್ಟುವುದು ಆ ದಿನ ಮರೆತೇ ಹೋಯಿತು.

ರಾಶಿಯನ್ನು ಮೂರು ಪಾಲು ಮಾಡಿದೆ. ಒಂದನ್ನು ಇದ್ದಷ್ಟೇ ಒದ್ದೆಯಾಗಿ ಬಿಟ್ಟೆ; ಅದು ಲೋಳೆಯಾಗಿ ಹುಳಿ ನಾತ ಹೊಡೆಯಿತು. ಒಂದನ್ನು ಹೆಚ್ಚು ಆರಿಸಿದೆ. ಅದು ತಣ್ಣಗೆ ಕುಳಿತೇ ಇತ್ತು. ಮೂರನೆಯದನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಹನಿ ನೀರು ಬೀಳಬಾರದು, ಆ ಹದಕ್ಕೆ ತಂದೆ. ಅದು ಕೆಲಸ ಶುರುಮಾಡಿತು. ಲೋಳೆಯಾದದ್ದನ್ನು ತಿಪ್ಪೆಗೆ ಕಳಿಸಿ, ತಣ್ಣಗಿದ್ದ ಪಾಲಿಗೆ ನೀರು ಚಿಮುಕಿಸಿ ಇದರೊಂದಿಗೆ ಕೂಡಿಸಿ, ಮೇಲೆ ಶಿರಾದ ಕರಿಕಂಬಳಿ ಹೊದಿಸಿದೆ.

ಡಾಕ್ಟರು ಸಂಜೆ ಅಂಗಡಿ ಮುಚ್ಚಿ ಬಂದು ಕಂಬಳಿಯ ಅಂಚನ್ನೆತ್ತಿ ಮೂಗಿಡುತ್ತಿದ್ದರು. ಮೊದಲು ನೆನೆದ ಕುರಿಯ ವಾಸನೆ. ಅದು ಕಂಬಳಿಯದೋ ಚಹಾದ್ದೋ ಎಂದು ನಮಗೆ ನಿರ್ಧರಿಸಲಾಗಲಿಲ್ಲ. ಆಮೇಲೆ ಹುಳಿ. ಹುಳಿ ಏರಿದಾಗ ಡಾಕ್ಟರು “ತಿರುಗಿಸಿ” ಎನ್ನುತ್ತಿದ್ದರು. ಸಾಮಾನ್ಯವಾಗಿ ಅದೇ ಹೊತ್ತಿಗೆ ನನ್ನ ಶಾಖಮಾಪಕವೂ ಅದನ್ನೇ ಹೇಳುತ್ತಿತ್ತು. ಗುದ್ದಲಿಯಿಂದ ಒಳಗಿನದು ಹೊರಗೆ, ಹೊರಗಿನದು ಒಳಗೆ. ತಿರುಗಿಸುವಾಗ ಹಬೆ ಏಳುತ್ತಿತ್ತು. ಬಿಸಿ ಹೆಚ್ಚಾದರೆ ಎಲೆ ಸುಟ್ಟು ಇದ್ದಿಲಿನಂತಾಗುತ್ತದೆ. ತಿರುಗಿಸದೆ ಬಿಟ್ಟರೆ ಒಂದು ಮೂಲೆ ಕೊಳೆಯುತ್ತದೆ. ಒಂದು ಮೂಲೆ ಕೊಳೆತೂ ಕೊಳೆಯಿತು. ಅದನ್ನು ಕತ್ತರಿಸಿ ಎಸೆದೆವು.

“ನಮ್ಮಪ್ಪನೂ ತಿಪ್ಪೆ ತಿರುವ್ತಿದ್ದ” ಎಂದ ಹನುಮಂತಯ್ಯ, ಗುದ್ದಲಿಗೆ ಒರಗಿ. “ಅದನ್ನ ಯಾರೂ ಕುಡೀರಿ ಅಂತ ಊರ್ಮೇಲೆ ಹೋಗ್ಲಿಲ್ಲ ಕಣಮ್ಮ.”

ಒಂದು ದಿನ ಕಂಬಳಿ ಎತ್ತಿದಾಗ ಹುಳಿ ಇರಲಿಲ್ಲ. ಎಲೆ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಹೊಸ ಮಳೆ ಬಿದ್ದ ಹೊಲದ ವಾಸನೆ. ಡಾಕ್ಟರು ಮೂಸಿ ನೋಡಿ ಹೊರಗೆ ಹೋಗಿ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬಂದರು. ನಾನು ಕೇಳಲಿಲ್ಲ.

ನೆರಳಿನಲ್ಲಿ ಸಾಲು ಸಾಲಾಗಿ ಹರಡಿ ಆರಿಸಿ, ಕಡ್ಡಿ ಆಯ್ದೆವು. ಇನ್ನು ಒತ್ತಬೇಕು. ಕೊರಟಗೆರೆಯ ಆಲೆಮನೆಯೊಂದರಿಂದ ಬೆಲ್ಲದ ಅಚ್ಚಿನ ಹಲಗೆಯನ್ನು ಕೇಳಿ ತಂದೆ. ಅದರ ಗುಣಿಗೆ ಸರಿಯಾಗಿ ಕೂರುವ ಮರದ ಕೊರಡನ್ನು ಬಡಗಿ ಮಾಡಿಕೊಟ್ಟ. ಕಡುಬಿನ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಚಹಾ ಇಟ್ಟರೆ ಹಬೆಗೆ ಎಲೆ ಮೆತ್ತಗಾಗಿ ಅಂಟಾಗುತ್ತದೆ. ಬಿಸಿಯಾಗಿರುವಾಗಲೇ ಗಂಟನ್ನು ಅಚ್ಚಿಗಿಟ್ಟು ಒತ್ತಬೇಕು. ಬಟ್ಟೆಗೆ ನನ್ನ ಬಿಳಿ ಸೀರೆ ಹರಿದೆ. ಆದರೆ ಒತ್ತುವ ಭಾರ ಎಲ್ಲಿಂದ ಬರಬೇಕು? ಬೀಸುವ ಕಲ್ಲು ಇಟ್ಟೆವು, ಸಾಲಲಿಲ್ಲ. ಹನುಮಂತಯ್ಯ ಹತ್ತಿ ನಿಂತ, ಅವನೂ ಸಾಲಲಿಲ್ಲ.

ನಮ್ಮ ಮನೆಯ ಎದುರಿಗೇ ಗರಡಿ. ಅಲ್ಲಿ ಪೈಲ್ವಾನರು ಎತ್ತುವ ಗುಂಡುಕಲ್ಲೊಂದಿತ್ತು. ಹನುಮಂತಯ್ಯನೊಡನೆ ಬಾಗಿಲವರೆಗೆ ಹೋಗಿ ಕೇಳಿದೆ. ಉಸ್ತಾದ್ ರಂಗಪ್ಪ ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಹೊಸ್ತಿಲೊಳಗೇ ನಿಂತು ಕೈಮುಗಿದರು.

“ತಾಯಿ, ಕಲ್ಲು ಆಚೀಕೆ ಬರಂಗಿಲ್ಲ. ತಾವು ಒಳೀಕೆ ಬರಂಗಿಲ್ಲ. ಇನ್ನೇನ್ ಮಾಡಾಣ?”

“ಚಹಾ ಒಳಗೆ ಬರಬಹುದೇ?” ಎಂದೆ.

ಅವರು ಹಿಂದಕ್ಕೆ ತಿರುಗಿ ಹನುಮಂತನ ಪಟದ ಕಡೆ ನೋಡಿದರು. “ಅದಕ್ಕೇನೂ ಅಡ್ಡಿ ಕಾಣೆ” ಎಂದರು. “ಆದ್ರೆ ಶನಿವಾರ ಪೂಜೆಗೆ ಕಲ್ಲು ಕಲ್ಲಾಗೇ ಇರ್ಬೇಕು.”

ಹಾಗಾಗಿ ನನ್ನ ಅಂಗಳದಲ್ಲಿ ಹಬೆ, ಬೀದಿಯಾಚೆ ಭಾರ. ಗಂಟು ಮೆತ್ತಗಾದೊಡನೆ ಒಬ್ಬ ಪೈಲ್ವಾನ ಅದನ್ನು ಮೊರದಲ್ಲಿಟ್ಟುಕೊಂಡು ಲಂಗೋಟಿಯಲ್ಲೇ ಬೀದಿ ದಾಟಿ ಓಡುತ್ತಿದ್ದ. ನಾನು ಅವನು ದಾಟುವಷ್ಟು ಹೊತ್ತು ಪಾತ್ರೆಯನ್ನೇ ನೋಡುತ್ತಿದ್ದೆ. ಒಳಗೆ ಡಾಕ್ಟರು ಅಚ್ಚಿಗೆ ಕೂರಿಸುತ್ತಿದ್ದರು, ಇಬ್ಬರು ಕಲ್ಲನ್ನು ಎತ್ತಿ ಕೊರಡಿನ ಮೇಲಿಡುತ್ತಿದ್ದರು. ಏನಾಯಿತು ಎಂದು ನಾನು ಈಚೆಯಿಂದ ಕೇಳಬೇಕು, ಹನುಮಂತಯ್ಯ ಹೊಸ್ತಿಲಲ್ಲಿ ನಿಂತು ಕೂಗಿ ಹೇಳಬೇಕು. ಬೀದಿಯವರು ಜಗುಲಿಗಳ ಮೇಲೆ ಜಾಗ ಹಿಡಿದು ಕುಳಿತರು.

ಮೊದಲ ಬಿಲ್ಲೆಯನ್ನು ಪೈಲ್ವಾನರು ಉತ್ಸಾಹದಿಂದ ಕೂಡಲೇ ತೆಗೆದರು.

“ಹೆಂಗಿದೆ?” ಬೀದಿಯ ಭಾಷೆ ನನ್ನ ಬಾಯಿಗೂ ಬಂದಿತ್ತು.

“ಉಬ್ತಾ ಐತೆ ಅಮ್ಮಾವ್ರೆ.” ಸ್ವಲ್ಪ ತಡೆದು, “ಬಿರೀತಾ ಐತೆ.” ಮತ್ತೂ ತಡೆದು, “ಈಗ ಅದು ಪುಡಿ.”

ಒಳಗಿನಿಂದ ಡಾಕ್ಟರು ಗಟ್ಟಿಯಾಗಿ ನಗುವುದು ಕೇಳಿಸಿತು. ಹೊರಗೆ ಬಂದು ತಲೆಯ ಹಿಂಭಾಗ ಮುಟ್ಟಿಕೊಂಡರು.

“ಇಲ್ಲಿಗೆ ಮೇಸ್ತ್ರಿ ಹೊಡೀತಿದ್ದ. ಹೊಡೆದದ್ದು ಇಷ್ಟು ವರ್ಷ ನೆನಪಿತ್ತು, ಯಾಕೆ ಅನ್ನೋದು ಈಗ ನೆನಪಾಯ್ತು. ಬಿಸಿ ಇರೋವಾಗ ಬಿಡಿಸಬಾರದು. ಭಾರದ ಕೆಳಗೇ ತಣ್ಣಗಾಗಬೇಕು.”

ಅಲ್ಲಿಂದ ಕೆಲಸ ಸಾಗಿತು. ಬೆಳಿಗ್ಗೆ ಒತ್ತಿದ್ದನ್ನು ಸಂಜೆಯ ಸಾಮು-ಕಸರತ್ತಿಗೆ ಕಲ್ಲು ಬೇಕಾದಾಗ ಬಿಡಿಸುವುದು. ಗಟ್ಟಿಯಾದ, ಕಪ್ಪು ಹೊಳಪಿನ ಬಿಲ್ಲೆಗಳು. ಒಂದು ಮೈಗೆ ಆಲೆಮನೆಯವರ ಅಚ್ಚಿನ ಗೀರು, ಇನ್ನೊಂದು ಮೈಗೆ ನನ್ನ ಸೀರೆಯ ನೇಯ್ಗೆ. ಬಿಸಿಲಿಗಿಟ್ಟರೆ ಹೊರಮೈ ಬಿರಿಯುತ್ತದೆಂದು ಉಗ್ರಾಣದ ಹಲಗೆಗಳ ಮೇಲೆ ಜೋಡಿಸಿ, ಮೂಲೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯಿಟ್ಟು ನಿಧಾನವಾಗಿ ಒಳಗಿನಿಂದ ಆರಿಸಿದೆವು. ಶನಿವಾರ ಗುಂಡುಕಲ್ಲಿಗೆ ಪೂಜೆಯಾಯಿತು. ಕಲ್ಲಿನ ತಳ ಚಹಾದ ಕಂಪು ಬಿಡುತ್ತಿತ್ತಂತೆ. ದೇವರು ಆಕ್ಷೇಪಿಸಲಿಲ್ಲ ಎಂದು ಉಸ್ತಾದರು ಹೇಳಿ ಕಳಿಸಿದರು.

ಒಂದು ಬಿಲ್ಲೆ ಮುರಿದು ಡಾಕ್ಟರಿಗೆ ಚಹಾ ಮಾಡಿಕೊಡಲು ಹೋದೆ. ಅವರು ಬೇಡವೆಂದರು. “ಈಗ ಬೆಂದಿದೆ ಅಷ್ಟೇ ಅಮ್ಮ. ಚಹಾ ಆಗೋದು ಆಮೇಲೆ, ಕೂತು ಕೂತು. ಒಂದನ್ನ ನಿಮಗೆ ಅಂತ ಇಟ್ಕೊಳ್ಳಿ, ಮುಟ್ಟಬೇಡಿ.” ಹಾಗೆ ಎತ್ತಿಟ್ಟದ್ದೇ ಈ ನೆಲುವಿನ ಬಿಲ್ಲೆ.

ಪ್ರಯೋಗ ನಡೆಯುತ್ತಿದೆ ಎಂದು ನಾನು ಬೆಂಗಳೂರಿಗೆ ತಿಳಿಸಿದ್ದೆ. ಉತ್ತರ ಬಂದಿರಲಿಲ್ಲ.

ಶಿರಾಕ್ಕೆ ಮೊದಲು ಪಾವಗಡದ ಸುತ್ತಿತ್ತು. ಬೇರೆ ಚಹಾ ಇಲ್ಲದ್ದರಿಂದ ಬಿಲ್ಲೆಗಳನ್ನೇ ಒಯ್ದೆ. ತಿರುಮಣಿಯಲ್ಲಿ ಹೆಂಗಸೊಬ್ಬಳು ಒಂದನ್ನು ತಿರುಗಿಸಿ ನೋಡಿದಳು. ಆ ಕಡೆ ತೆಲುಗು ಬೆರೆತ ಮಾತು, ಕಪ್ಪಿಗೆ ‘ನಲ್ಲ’ ಎನ್ನುತ್ತಾರೆ.

“ಏಮಮ್ಮಾ, ಇದೇನು ಬೆಲ್ಲ ಇಷ್ಟು ನಲ್ಲಗೈತೆ?”

ಬೆಲ್ಲವಲ್ಲ ಎಂದು ಹೇಳಿ ಮುಗಿಸುವುದರೊಳಗೆ ಕಲ್ಲಿನಿಂದ ಕುಟ್ಟಿ ನಾಲ್ಕು ಚೂರು ಮಾಡಿ, ಒಂದನ್ನು ಸೆರಗಿಗೆ ಗಂಟು ಹಾಕಿ, ಮೂರನ್ನು ಅಕ್ಕಪಕ್ಕದವರಿಗೆ ಹಂಚಿದಳು. ಪುಡಿಯಾದರೆ ಚೆಲ್ಲುತ್ತದೆ, ಗಾಳಿಗೆ ಹಾರುತ್ತದೆ, ಮೆಣಸಿನಕಾಯಿಯ ಘಾಟು ಹಿಡಿಯುತ್ತದೆ. ಇದು ಸೆರಗಿನಲ್ಲಿ ಕೂರುತ್ತದೆ. ಯಾರೂ ಅದನ್ನು ಸೊಪ್ಪೆಂದು ತಿಳಿಯಲಿಲ್ಲ, ಯಾರೂ ಪಲ್ಯ ಮಾಡಲಿಲ್ಲ. ಬೆಲ್ಲದಂತೆ ಕಂಡದ್ದನ್ನು ಬೆಲ್ಲದಂತೆಯೇ ನೀರಿಗೆ ಹಾಕಿ ಕುದಿಸಿದರು. ವಾಪಸು ಬರುವಾಗ ಬಸ್ಸಿನ ಹತ್ತಿರಕ್ಕೇ ಬಂದು “ಆ ನಲ್ಲಬೆಲ್ಲಂ ಇಂಕಾ ಉಂದಾ ಅಮ್ಮಾ?” ಎಂದು ಕೇಳಿದರು. ಇನ್ನೂ ಇದೆಯೇ ಎಂದು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಶಿರಾದಲ್ಲಿ ಚಹಾ ತೋರಿಸುವುದು ಬೀಬಿಜಾನ್ ಎಂಬ ಹಿರಿಯ ಹೆಂಗಸಿನ ಮನೆಯ ಒಳ ಅಂಗಳದಲ್ಲಿ ಎಂದು ಗೊತ್ತಾಗಿತ್ತು. ಕೋಟೆಯ ಕಡೆಯ ಬೀದಿಯ ಹೆಂಗಸರೆಲ್ಲ ಬಂದಿದ್ದರು. ವೆಂಕೋಬರಾಯರ ಮೋಟಾರು ಬಾಗಿಲಲ್ಲಿ ನಿಂತಿತು, ಹಿಂದಿನ ಸೀಟಿನ ಮೇಲೆ ಹೊಸ ಪೆಟ್ಟಿಗೆ. ಅವರು ಒಳಗೆ ಬರಲು ಹೊರಟಾಗ ಪರದೆಯ ಹಿಂದಿನಿಂದ ಬೀಬಿಜಾನ್ ಹೇಳಿದರು: “ಸಾಬ್, ಗಂಡಸರು ಅಲ್ಲೇ ಕೂತ್ಕೊಳ್ಳಿ. ಕುರ್ಚಿ ಹಾಕಿಸಿದೀನಿ.”

ರಾಯರು ಹಜಾರದಲ್ಲಿ ಕುಳಿತರು. ಗರಡಿಯ ಹೊರಗೆ ನಿಂತಿದ್ದ ನನಗೆ ಅವರ ಕಷ್ಟ ಅರ್ಥವಾಯಿತು. ಪರದೆಯಾಚೆಯಿಂದ ಅವರ ದನಿ ಬರುತ್ತಿತ್ತು.

“ಕೆಟಲ್ ಬೆಚ್ಚಗೆ ಮಾಡಿದಿರಾ?”

“ಮಾಡಿದೆ ಸರ್.”

“ಎಷ್ಟು ಚಮಚ?”

“ಚಮಚದಲ್ಲಿ ಇಲ್ಲ ಸರ್. ಒಂದು ಚೂರು.”

ಗಡಿಯಾರದ ಮುಚ್ಚಳ ತೆರೆದ ಸದ್ದು. ನಿಯಮದಂತೆ ಕುದಿನೀರು ಸುರಿದು ಮುಚ್ಚಿದೆ. ಅವರು ಐದು ನಿಮಿಷವಾಯಿತು ಎಂದಾಗ ಬಸಿದೆ. ಬಟ್ಟಲಿಗೆ ಬಿದ್ದದ್ದು ಒಣಹುಲ್ಲಿನ ಬಣ್ಣದ ನೀರು. ಒತ್ತಿ ಗಟ್ಟಿಯಾಗಿದ್ದ ಚೂರು ಇನ್ನೂ ಬಿಚ್ಚಿಕೊಂಡೇ ಇರಲಿಲ್ಲ. ಹೆಂಗಸರು ಬಗ್ಗಿ ನೋಡಿದರು.

“ಪಾತ್ರೆ ತೊಳೆದದ್ದಾ ಬೇಟಿ?” ಎಂದು ಯಾರೋ ಕೇಳಿದರು. ಎಲ್ಲರೂ ನಕ್ಕರು.

ಪೆಟ್ಟಿಗೆ ತುಮಕೂರಿಗೆ ಹೋಗುವುದು ನನಗೆ ಕಾಣಿಸಿತು. ಅದರ ಹಿಂದೆ ನಾನೂ. ಮನೆಯ ಒಲೆಯ ಮೇಲೆ ಬೀಬಿಜಾನರ ದೊಡ್ಡ ತಪ್ಪಲೆಯಲ್ಲಿ ನೀರು ಕುದಿಯುತ್ತಿತ್ತು. ಕೈಪಿಡಿಯಲ್ಲಿ ಏನಿದೆ ಎಂಬುದು ನನಗೆ ಬಾಯಿಪಾಠ. ಕೆಟಲಿನ ಚೂರನ್ನೂ, ಇನ್ನೊಂದು ಇಡೀ ಬಿಲ್ಲೆಯನ್ನೂ ತಪ್ಪಲೆಗೆ ಹಾಕಿದೆ. ಬೀಬಿಜಾನ್ ನನ್ನ ಮುಖ ನೋಡಿ, ಕೇಳದೆಯೇ ಶುಂಠಿ ಜಜ್ಜಿದರು, ಬೆಲ್ಲ ಹಾಕಿದರು. ಚಹಾ ಮೊದಲು ಕೆಂಪಾಯಿತು, ಆಮೇಲೆ ಕಡುಗೆಂಪು, ಆಮೇಲೆ ಬೆಲ್ಲದ ಕೊಪ್ಪರಿಗೆಯ ಬಣ್ಣ. ಹಾಲು ಬಿದ್ದ ಕೂಡಲೇ ಅಂಗಳವೆಲ್ಲ ಕಂಪಾಯಿತು.

“ಇನ್ನೇನು ನಡೆಯುತ್ತಿದೆ ಅಲ್ಲಿ?” ರಾಯರ ದನಿ.

“ಕುದಿಯುತ್ತಿದೆ ಸರ್.”

“ನೀರು?”

“ಚಹಾ ಸರ್.”

ಬೀಬಿಜಾನ್ ಒಂದು ಬಟ್ಟಲು ತುಂಬಿ ಪರದೆಯ ಕೆಳಗಿನಿಂದ ಆಚೆಗೆ ಸರಿಸಿದರು. ಒಳಗೆ ಹೆಂಗಸರು ತಂತಮ್ಮ ಲೋಟಗಳನ್ನು ಮುಂದೆ ಚಾಚಿದ್ದರು. ಎರಡನೆಯ ಸಲ ಚಾಚಿದವರಿಗೆ ಮೊದಲ ಸಲದವರು ಬೈಯುತ್ತಿದ್ದರು. ಒಬ್ಬಾಕೆ ಉಳಿದ ಬಿಲ್ಲೆಗಳಲ್ಲಿ ಒಂದನ್ನು ದುಪಟ್ಟಾದೊಳಗೆ ಸೇರಿಸುವುದನ್ನು ನಾನು ನೋಡಲಿಲ್ಲವೆಂಬಂತೆ ನೋಡಿದೆ. ಗಲಾಟೆಯ ನಡುವೆ ಪರದೆಯ ಕೆಳಗಿನಿಂದ ಖಾಲಿ ಬಟ್ಟಲು ಒಳಕ್ಕೆ ಬಂತು. ಸಾಕು ಎನ್ನುವವರಂತೆ ತಟ್ಟೆಯ ಮೇಲೆ ಕವುಚಿ ಇಟ್ಟಿರಲಿಲ್ಲ, ನೆಟ್ಟಗೇ ಇಟ್ಟಿದ್ದರು.

“ಸಾಬ್‌ಗೆ ಇನ್ನೊಂದು” ಎಂದರು ಬೀಬಿಜಾನ್.

ಮೋಟಾರಿನ ಬಳಿ ರಾಯರು ನನ್ನೊಡನೆ ಮಾತಾಡಿದರು. ನೋಡುತ್ತಿದ್ದದ್ದು ಮಾತ್ರ ರಸ್ತೆಯ ಕಡೆ.

“ಚಹಾ ಕುದಿಸಬಾರದು ಎಂದು ಕೈಪಿಡಿಯಲ್ಲಿದೆ.”

“ಹೌದು ಸರ್.”

“ಮಂಡಳಿಯ ಚಹಾವನ್ನು ಪೊಟ್ಟಣದಲ್ಲಿ ಮಾತ್ರ ಹಂಚಬೇಕು ಎಂದೂ ಇದೆ.”

“ಇದೆ ಸರ್.”

“ನೆನೆದ ಚಹಾದ ಬಗ್ಗೆ?”

“ಏನೂ ಇಲ್ಲ ಸರ್.”

“ನಿಮ್ಮ ಕಾಗದ ಬಂದ ಮೇಲೆ ನಾನೂ ಹುಡುಕಿದೆ. ಏನೂ ಇಲ್ಲ.” ಡ್ರೈವರಿಗೆ ಕೈಸನ್ನೆ ಮಾಡಿದರು; ಅವನೂ ಹನುಮಂತಯ್ಯನೂ ಪೆಟ್ಟಿಗೆ ಇಳಿಸಿದರು. “ಒಣಗಿರುವವರೆಗೂ ಇದು ಮಂಡಳಿಯ ಚಹಾ. ನಿಯಮದ ಪ್ರಕಾರವೇ ಹಂಚತಕ್ಕದ್ದು. ಅಕಸ್ಮಾತ್ ಮಳೆಗಿಳೆಗೆ ನೆನೆದರೆ ಅದು ನಿಮ್ಮ ತಲೆನೋವು.” ಹತ್ತಿ ಕುಳಿತ ಮೇಲೆ, “ನಮ್ಮ ಮನೆಯವರಿಗೆ ತೋರಿಸಬೇಕು, ಒಂದು ಬಿಲ್ಲೆ ಕಾಗದದಲ್ಲಿ ಸುತ್ತಿ ಕೊಡಿ” ಎಂದರು.

ಸಂಜೆಯ ಬಸ್ಸಿಗೆ ಪೆಟ್ಟಿಗೆಯೊಂದಿಗೆ ಮಧುಗಿರಿಗೆ ಬಂದೆವು. ಬೀಗ ತೆಗೆದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಹನುಮಂತಯ್ಯನಿಗೆ ಹೇಳಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿಸಿದೆ. ಅರ್ಧದಷ್ಟನ್ನು ಪೊಟ್ಟಣಗಳಿಗೆಂದು ಬೇರೆ ತೆಗೆಸಿ, ಇನ್ನರ್ಧವನ್ನು ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ಸುರಿಯಲು ಹೇಳಿದೆ. ಅವನು ಸುರಿದು, ಅಂಗಳಕ್ಕೆ ಬಂದು, ಹಣೆಗೆ ಕೈಯಿಟ್ಟು ಆಕಾಶವನ್ನು ನಾಲ್ಕೂ ದಿಕ್ಕಿಗೆ ನೋಡಿದ.

“ಮಳೆ ಬರೋ ಅಂಗೆ ಕಾಣಲ್ಲ ಅಮ್ಮಾವ್ರೆ.”

“ಇಲ್ಲ” ಎಂದೆ. ಕಂಬಳಿ ತರಲು ಅವನನ್ನು ಕಳಿಸಿ, ಸೆರಗು ಸಿಕ್ಕಿಸಿಕೊಂಡು, ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ ತಂದು, ಅಂಗೈಯಿಂದ ಚಿಮುಕಿಸತೊಡಗಿದೆ.